ಒಂದು ಚೆಂಡು, ಒಂದು ಬಾಂಬು: ‘ಅಂಡರ್‌ವರ್ಲ್ಡ್’ ಕಾದಂಬರಿಯ ಒಳಹೊಕ್ಕು

1951ರ ಅಕ್ಟೋಬರ್ 4ರ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಮುಖಪುಟದಲ್ಲಿ ಒಂದೇ ಗಾತ್ರದ ಎರಡು ತಲೆಬರಹಗಳಿದ್ದವು. ಒಂದು ಬದಿಯಲ್ಲಿ, ನ್ಯೂಯಾರ್ಕ್ ಜೈಂಟ್ಸ್ ಎಂಬ ಬೇಸ್‌ಬಾಲ್ ತಂಡ ಕೊನೆಯ ಗಳಿಗೆಯಲ್ಲಿ ಪಂದ್ಯ ಗೆದ್ದ ಸುದ್ದಿ. ಇನ್ನೊಂದು ಬದಿಯಲ್ಲಿ, ಸೋವಿಯತ್ ಒಕ್ಕೂಟ ಮತ್ತೊಂದು ಅಣುಬಾಂಬನ್ನು ಸ್ಫೋಟಿಸಿದೆ ಎಂಬ ಸುದ್ದಿ. ನಲವತ್ತು ವರ್ಷ ಕಳೆದ ಮೇಲೆ, ಆ ಪಂದ್ಯದ ನೆನಪಿಗಾಗಿ ಬಂದ ಲೇಖನವೊಂದನ್ನು ಓದಿದ ಡಾನ್ ಡೆಲಿಲೋ ಎಂಬ ಕಾದಂಬರಿಕಾರ ಗ್ರಂಥಾಲಯಕ್ಕೆ ಹೋಗಿ ಆ ದಿನದ ಪತ್ರಿಕೆಯನ್ನು ಹುಡುಕಿದರು. ಎರಡು ತಲೆಬರಹಗಳು ಅಕ್ಕಪಕ್ಕದಲ್ಲಿ ಕುಳಿತಿರುವುದನ್ನು ಕಂಡದ್ದು ಆಗಲೇ.

ಅಲ್ಲಿಂದ ಹುಟ್ಟಿದ್ದು 1997ರಲ್ಲಿ ಪ್ರಕಟವಾದ ‘ಅಂಡರ್‌ವರ್ಲ್ಡ್’. ಎಂಟುನೂರಕ್ಕೂ ಹೆಚ್ಚು ಪುಟಗಳ ಗ್ರಂಥ. 2006ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಲೇಖಕರನ್ನೂ ವಿಮರ್ಶಕರನ್ನೂ ಕೇಳಿ ಕಳೆದ ಇಪ್ಪತ್ತೈದು ವರ್ಷಗಳ ಅತ್ಯುತ್ತಮ ಅಮೆರಿಕನ್ ಕಾದಂಬರಿ ಯಾವುದೆಂದು ಗುರುತಿಸಿದಾಗ, ಟೋನಿ ಮಾರಿಸನ್ ಅವರ ‘ಬಿಲವೆಡ್’ ನಂತರದ ಸಾಲಿನಲ್ಲಿ ಇದರ ಹೆಸರಿತ್ತು.

ಅಣ್ವಸ್ತ್ರ ಪರೀಕ್ಷೆಯ ಮಾತು ಈಗ ಮತ್ತೆ ಮುಖಪುಟಕ್ಕೆ ಬಂದಿದೆ. ನಗರಗಳ ಕಸ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ದಿನನಿತ್ಯದ್ದಾಗಿದೆ. ಒಂದೇ ವಿಡಿಯೊ ತುಣುಕನ್ನು ಮೊಬೈಲಿನಲ್ಲಿ ಇಪ್ಪತ್ತು ಸಲ ನೋಡುವುದು ಎಲ್ಲರಿಗೂ ರೂಢಿಯಾಗಿದೆ. ಈ ಮೂರನ್ನೂ ಒಟ್ಟಿಗೆ ಹಿಡಿದ ಕಾದಂಬರಿ ಇದು. ಆದರೆ ‘ಆಧುನಿಕೋತ್ತರ ಕಾದಂಬರಿ’ ಎಂಬ ಹಣೆಪಟ್ಟಿ ಕಂಡೊಡನೆ ಅನೇಕರು ಪುಸ್ತಕವನ್ನು ಮರಳಿ ಕಪಾಟಿನಲ್ಲಿಡುತ್ತಾರೆ. ಹಾಗಾಗಿ ಆ ಪದದಿಂದಲೇ ಆರಂಭಿಸುತ್ತೇನೆ.

‘ಆಧುನಿಕೋತ್ತರ’ ಎಂದರೆ ಏನು?

ಒಂದು ಮದುವೆ ಮುಗಿದಿದೆ ಎಂದುಕೊಳ್ಳಿ. ಆ ಮದುವೆ ಹೇಗಾಯಿತು ಎಂದು ತಿಳಿಯಲು ಆಲ್ಬಮ್ ನೋಡಬಹುದು. ಅದರಲ್ಲಿ ಎಲ್ಲರೂ ನಗುತ್ತಿರುತ್ತಾರೆ. ವರಪೂಜೆಯಿಂದ ಆರತಕ್ಷತೆಯವರೆಗೆ ಎಲ್ಲವೂ ಕ್ರಮವಾಗಿರುತ್ತದೆ. ಇನ್ನೊಂದು ದಾರಿಯೂ ಇದೆ. ಅಡುಗೆ ಭಟ್ಟರನ್ನು ಕೇಳಿ. ಮೂಲೆಯಲ್ಲಿ ಮುನಿಸಿಕೊಂಡು ಕುಳಿತಿದ್ದ ಸೋದರತ್ತೆಯನ್ನು ಕೇಳಿ. ರಾತ್ರಿಯಿಡೀ ವ್ಯಾನಿನಲ್ಲೇ ಮಲಗಿದ್ದ ಚಾಲಕನನ್ನು ಕೇಳಿ. ಛತ್ರದ ಹಿಂದೆ ಎಂಜಲೆಲೆ ಬಳಿದವರನ್ನು ಕೇಳಿ. ಪ್ರತಿಯೊಬ್ಬರ ಮದುವೆಯೂ ಬೇರೆ. ಯಾವುದೂ ಸುಳ್ಳಲ್ಲ, ಯಾವುದೂ ಪೂರ್ತಿಯಲ್ಲ.

ಆಧುನಿಕೋತ್ತರ ಬರಹಗಾರರು ಈ ಎರಡನೆಯ ದಾರಿ ಹಿಡಿಯುತ್ತಾರೆ. ಫ್ರಾನ್ಸಿನ ಚಿಂತಕ ಲ್ಯೋತಾರ್ 1979ರಲ್ಲಿ ಈ ಮನೋಭಾವವನ್ನು ‘ಮಹಾಕಥನಗಳ ಮೇಲಿನ ಅಪನಂಬಿಕೆ’ ಎಂದು ಗುರುತಿಸಿದರು. ಮಹಾಕಥನ ಎಂದರೆ ಎಲ್ಲವನ್ನೂ ತಾನೊಂದೇ ವಿವರಿಸಬಲ್ಲೆ ಎನ್ನುವ ದೊಡ್ಡ ಕಥೆ. ವಿಜ್ಞಾನ ಬೆಳೆದಂತೆಲ್ಲ ಮನುಷ್ಯ ಸುಖಿಯಾಗುತ್ತಾನೆ ಎಂಬುದು ಅಂಥ ಒಂದು ಕಥೆ. ಚರಿತ್ರೆಯಲ್ಲಿ ನಮ್ಮ ದೇಶ ಯಾವಾಗಲೂ ಒಳ್ಳೆಯವರ ಪಕ್ಷದಲ್ಲಿತ್ತು ಎಂಬುದು ಇನ್ನೊಂದು. ಅಮೆರಿಕ ಎರಡನೇ ಮಹಾಯುದ್ಧದ ನಂತರ ತನ್ನ ಬಗ್ಗೆ ತಾನೇ ಹೇಳಿಕೊಂಡದ್ದು ಈ ಎರಡನ್ನೂ ಬೆರೆಸಿದ ಕಥೆಯನ್ನು.

ನಮ್ಮ ನವ್ಯ ಸಾಹಿತ್ಯ ಓದಿದವರಿಗೆ ಒಂದು ವ್ಯತ್ಯಾಸ ಹೇಳಿದರೆ ಅನುಕೂಲ. ಆಧುನಿಕ ಲೇಖಕರಿಗೂ ಜಗತ್ತು ಒಡೆದು ಚೂರಾಗಿರುವುದು ಗೊತ್ತಿತ್ತು. ಆದರೆ ಕಲೆ ಆ ಚೂರುಗಳನ್ನು ಒಂದು ಆಕಾರಕ್ಕೆ ತರಬಲ್ಲದು ಎಂದು ಅವರು ನಂಬಿದ್ದರು. ಆಧುನಿಕೋತ್ತರರು ಚೂರುಗಳನ್ನು ಚೂರುಗಳಾಗಿಯೇ ಇಡುತ್ತಾರೆ. ಜಾಹೀರಾತು, ಚಿತ್ರಗೀತೆ, ಟಿ.ವಿ. ಸುದ್ದಿ, ದೈವಶಾಸ್ತ್ರ ಎಲ್ಲಕ್ಕೂ ಒಂದೇ ಪಂಕ್ತಿಯಲ್ಲಿ ಎಲೆ ಹಾಕುತ್ತಾರೆ. ಡೆಲಿಲೋ ಇವೆರಡರಲ್ಲಿ ಯಾವ ಗುಂಪಿಗೆ ಸೇರಿದವರು ಎಂಬ ಚರ್ಚೆ ವಿಮರ್ಶಕರಲ್ಲಿ ಇನ್ನೂ ಮುಗಿದಿಲ್ಲ. ಓದುಗರಿಗೆ ಆ ಚರ್ಚೆ ತೀರ್ಮಾನವಾಗುವವರೆಗೆ ಕಾಯುವ ಅಗತ್ಯವಿಲ್ಲ.

ಬೇಸ್‌ಬಾಲ್ ಗೊತ್ತಿಲ್ಲದವರಿಗೆ

ಕಾದಂಬರಿಯ ಮೊದಲ ಐವತ್ತು-ಅರವತ್ತು ಪುಟ ಒಂದೇ ಪಂದ್ಯದ ಕಥೆ. ಆಟದ ನಿಯಮ ತಿಳಿಯದಿದ್ದರೂ ನಡೆಯುತ್ತದೆ. ಇಷ್ಟು ಗೊತ್ತಿದ್ದರೆ ಸಾಕು. ಚೆಂಡೆಸೆಯುವವನು ನಮ್ಮ ಬೌಲರ್ ಇದ್ದಂತೆ. ಹೊಡೆದ ಚೆಂಡು ಬೇಲಿ ದಾಟಿ ಪ್ರೇಕ್ಷಕರ ನಡುವೆ ಬಿದ್ದರೆ ಅದು ‘ಹೋಮ್ ರನ್’, ನಮ್ಮ ಸಿಕ್ಸರ್ ಇದ್ದಂತೆ. ಮೈದಾನದ ಮೂಲೆಗಳಲ್ಲಿ ಕಾಯುತ್ತಿರುವ ಅದೇ ತಂಡದ ಆಟಗಾರರೂ ಆಗ ಓಡಿ ಬಂದು ಅಂಕ ಸೇರಿಸುತ್ತಾರೆ.

ಜೈಂಟ್ಸ್ ಮತ್ತು ಬ್ರೂಕ್ಲಿನ್ ಡಾಡ್ಜರ್ಸ್, ಎರಡೂ ನ್ಯೂಯಾರ್ಕ್ ನಗರದ ತಂಡಗಳು. ಆಗಸ್ಟಿನಲ್ಲಿ ಜೈಂಟ್ಸ್ ಹದಿಮೂರೂವರೆ ಪಂದ್ಯಗಳಷ್ಟು ಹಿಂದಿತ್ತು. ಅಲ್ಲಿಂದ ಮೇಲೆದ್ದು ಸಮಬಲ ಸಾಧಿಸಿ ಕೊನೆಯ ನಿರ್ಣಾಯಕ ಪಂದ್ಯಕ್ಕೆ ಬಂತು. ಅಕ್ಟೋಬರ್ 3ರ ಸಂಜೆ ನಾಲ್ಕಕ್ಕೆ ಎರಡು ನಿಮಿಷ ಇರುವಾಗ, ಕೊನೆಯ ಸರದಿಯಲ್ಲಿ, 4–2ರಿಂದ ಸೋಲುತ್ತಿದ್ದಾಗ, ರಾಲ್ಫ್ ಬ್ರಾಂಕಾ ಎಸೆದ ಚೆಂಡನ್ನು ಬಾಬಿ ಥಾಮ್ಸನ್ ಬೇಲಿಯಾಚೆ ಹೊಡೆದರು. ಮೂರು ಅಂಕ. 5–4.

1986ರ ಏಪ್ರಿಲ್ 18ರಂದು ಶಾರ್ಜಾದಲ್ಲಿ ಚೇತನ್ ಶರ್ಮಾ ಎಸೆದ ಕೊನೆಯ ಚೆಂಡಿಗೆ ಜಾವೇದ್ ಮಿಯಾಂದಾದ್ ಸಿಕ್ಸರ್ ಹೊಡೆದದ್ದನ್ನು ನೆನೆಯಿರಿ. ಆ ಹೊತ್ತಿನಲ್ಲಿ ತಾವು ಯಾರ ಮನೆಯ ಟಿ.ವಿ. ಮುಂದೆ ಕುಳಿತಿದ್ದೆವು, ಯಾರು ಎದ್ದು ಹೊರಗೆ ಹೋದರು ಎಂದು ಹೇಳಬಲ್ಲ ಜನ ಈಗಲೂ ಇದ್ದಾರೆ. ಆ ಇಬ್ಬರ ಹೆಸರು ಇಂದಿಗೂ ಬೇರ್ಪಟ್ಟಿಲ್ಲ. ಥಾಮ್ಸನ್ ಮತ್ತು ಬ್ರಾಂಕಾ ಕೂಡ ಹಾಗೆಯೇ ಒಂದೇ ಉಸಿರಿನಲ್ಲಿ ಬರುವ ಜೋಡಿ ಹೆಸರುಗಳು. ಶಾರ್ಜಾದ ಆ ಸಿಕ್ಸರಿಗೂ ಚೆರ್ನೊಬಿಲ್ ಅಣುಸ್ಥಾವರ ದುರಂತಕ್ಕೂ ನಡುವೆ ಇದ್ದದ್ದು ಎಂಟೇ ದಿನ. ನಮ್ಮಲ್ಲಿ ಯಾರೂ ಅವೆರಡನ್ನು ಒಟ್ಟಿಗೆ ನೆನಪಿಟ್ಟುಕೊಂಡಿಲ್ಲ. ಅಂಥ ಎರಡು ಸಂಗತಿಗಳನ್ನು ಒಟ್ಟಿಗೆ ನೆನಪಿಟ್ಟುಕೊಂಡರೆ ಏನಾಗುತ್ತದೆ ಎಂಬುದೇ ಡೆಲಿಲೋ ಅವರ ಕಾದಂಬರಿ.

ಥಾಮ್ಸನ್ ಹೊಡೆತಕ್ಕೆ ಅಮೆರಿಕನ್ನರು ‘ಜಗತ್ತಿಗೇ ಕೇಳಿಸಿದ ಹೊಡೆತ’ ಎಂದು ಹೆಸರಿಟ್ಟರು. ಆ ಮಾತು ಮೂಲದಲ್ಲಿ ಎಮರ್ಸನ್ ಪದ್ಯದ್ದು; ಅಮೆರಿಕದ ಸ್ವಾತಂತ್ರ್ಯ ಸಮರದ ಮೊದಲ ಗುಂಡಿನ ಬಗ್ಗೆ ಬರೆದದ್ದು. ಅವರ ಭಾಷೆಯಲ್ಲಿ ಚೆಂಡಿನ ಹೊಡೆತಕ್ಕೂ ಬಂದೂಕಿನ ಗುಂಡಿಗೂ ಬಾಂಬಿನ ಪರೀಕ್ಷಾ ಸ್ಫೋಟಕ್ಕೂ ಒಂದೇ ಪದ. ಕನ್ನಡದಲ್ಲೂ ಚೆಂಡನ್ನು ಹೊಡೆಯುತ್ತೇವೆ, ಗುಂಡನ್ನೂ ಹೊಡೆಯುತ್ತೇವೆ. ಕಾದಂಬರಿಯ ನಾಯಕ ನಿಕ್ ಶೇ ಹದಿಹರೆಯದಲ್ಲಿ ಹೊಡೆಯುವ ಒಂದು ಗುಂಡು ಅವನ ಬದುಕನ್ನು ಎರಡಾಗಿ ಸೀಳುತ್ತದೆ. ಅದು ನಮಗೆ ಗೊತ್ತಾಗುವುದು ಪುಸ್ತಕ ಮುಗಿಯುವ ಹೊತ್ತಿಗೆ.

ಹಿಂದಕ್ಕೆ ನಡೆಯುವ ಕಾಲ

ಓದುಗರು ತಡವರಿಸುವುದು ಇಲ್ಲಿಯೇ. 1951ರ ಪಂದ್ಯ ಮುಗಿದ ಮೇಲೆ ಪುಟ ತಿರುಗಿಸಿದರೆ 1992. ಮುಂದಿನ ಭಾಗ ಎಂಬತ್ತರ ದಶಕ. ಆಮೇಲೆ 1978, 1974, ಬಳಿಕ ಅರವತ್ತು–ಐವತ್ತರ ದಶಕಗಳ ತುಣುಕುಗಳು, ಕೊನೆಗೆ ಮತ್ತೆ 1951–52. ಮುಖ್ಯ ಕಥೆ ಹೀಗೆ ಹಿಂದು ಹಿಂದಕ್ಕೆ ಸರಿಯುತ್ತದೆ. ನಡುನಡುವೆ ಬರುವ ಮೂರು ಅಧ್ಯಾಯಗಳು ಮಾತ್ರ ಮುಂದಕ್ಕೆ ನಡೆಯುತ್ತವೆ. ಅವು ಪಂದ್ಯ ನಡೆದ ಆ ಒಂದೇ ರಾತ್ರಿಯ ಕಥೆ.

ಇದು ಓದುಗರನ್ನು ಸತಾಯಿಸಲು ಹೂಡಿದ ತಂತ್ರವೆಂದು ನನಗೆ ಅನ್ನಿಸುವುದಿಲ್ಲ. ನೆನಪು ಕೆಲಸ ಮಾಡುವುದೇ ಹೀಗೆ. ಐವತ್ತೈದು ವರ್ಷದ ಮನುಷ್ಯನೊಬ್ಬನ ಪರಿಚಯ ನಮಗಾದಾಗ ಅವನ ಬಾಲ್ಯದಿಂದ ಆರಂಭಿಸಿ ಅವನನ್ನು ಅರಿಯುವುದಿಲ್ಲ. ಮೊದಲು ಈಗಿನ ಅವನು. ಅವನ ಕೆಲಸ, ಮನೆ, ಮಾತಿನ ನಡುವೆ ಇದ್ದಕ್ಕಿದ್ದಂತೆ ಬೀಳುವ ಮೌನ. ಆ ಮೌನಕ್ಕೆ ಕಾರಣ ತಿಳಿಯಲು ವರ್ಷಗಳು ಬೇಕು. ನಿಕ್ ಮೊದಲು ನಮಗೆ ಸಿಗುವುದು ಅರಿಝೋನಾದ ಫೀನಿಕ್ಸ್ ನಗರದ ಅಚ್ಚುಕಟ್ಟಾದ ಅಧಿಕಾರಿಯಾಗಿ. ಅವನ ತಂದೆ ಸಿಗರೇಟು ತರಲು ಹೋದವರು ಮನೆಗೆ ಮರಳಲಿಲ್ಲ ಎಂಬುದು ಆಮೇಲೆ. ಹದಿನೇಳರಲ್ಲಿ ಅವನ ಕೈಯಲ್ಲಿ ಬಂದೂಕು ಇತ್ತು ಎಂಬುದು ಇನ್ನೂ ಆಮೇಲೆ. ಪದರ ಪದರವಾಗಿ ಮಣ್ಣು ತೆಗೆಯುವ ಉತ್ಖನನದಲ್ಲಿ ಮೊದಲು ಸಿಗುವುದು ನಿನ್ನೆಯ ವಸ್ತು, ಹಳೆಯದು ಆಳದಲ್ಲಿರುತ್ತದೆ. ಪುಸ್ತಕದ ಹೆಸರನ್ನೂ ಈ ಬೆಳಕಿನಲ್ಲಿ ನೋಡಬೇಕು.

ಹೆಸರು ಸೂಚಿಸುವುದು ರೌಡಿಗಳನ್ನಲ್ಲ

‘ಅಂಡರ್‌ವರ್ಲ್ಡ್’ ಎಂದೊಡನೆ ನಮ್ಮ ಪತ್ರಿಕೆ ಓದುವವರ ಮನಸ್ಸಿಗೆ ಬರುವುದು ‘ಭೂಗತ ಲೋಕ’, ಅಂದರೆ ಮಚ್ಚು, ಸುಪಾರಿ. ಆ ಅರ್ಥದ ನೆರಳು ಕಾದಂಬರಿಯಲ್ಲಿ ಸ್ವಲ್ಪ ಇದೆ. ನಿಕ್‌ನ ತಂದೆಯನ್ನು ಮಾಫಿಯಾದವರು ಎತ್ತಿಕೊಂಡು ಹೋದರೇ ಎಂಬ ಪ್ರಶ್ನೆ ಅವನನ್ನು ಬಿಡುವುದಿಲ್ಲ. ಆದರೆ ‘ಪಾತಾಳ’ ಎಂಬ ಪದ ಇಲ್ಲಿ ಹೆಚ್ಚು ಹತ್ತಿರ. ಗ್ರೀಕ್-ರೋಮನ್ ಪುರಾಣಗಳಲ್ಲಿ ಪಾತಾಳದ ಒಡೆಯ ಪ್ಲೂಟೊ. ಬಾಂಬಿಗೆ ಬೇಕಾದ ಪ್ಲುಟೋನಿಯಂ ಹೆಸರು ಬಂದದ್ದು ಆಗ ಗ್ರಹವೆಂದು ಎಣಿಸಿದ್ದ ಪ್ಲೂಟೊ ಮೂಲಕ ಅಲ್ಲಿಂದಲೇ. ನೆಲದಡಿಯ ರೈಲು, ಹೂತಿಟ್ಟ ಕಸ, ಮನಸ್ಸಿನಡಿ ತುಳಿದಿಟ್ಟ ನೆನಪು, ಪತ್ರಿಕೆಗೆ ಬಾರದ ಬಡವರ ಬದುಕು ಎಲ್ಲವೂ ಈ ಒಂದು ಹೆಸರಿನಡಿ ಸೇರುತ್ತವೆ.

ಕಸ ಏಕೆ ಇಷ್ಟೊಂದು?

ನಿಕ್‌ನ ವೃತ್ತಿಯೇ ಕಸ ನಿರ್ವಹಣೆ. ಮನೆಯಲ್ಲೂ ಅವನ ಕುಟುಂಬ ಡಬ್ಬಿಗಳನ್ನು ತೊಳೆದು, ಬಾಟಲಿಗಳನ್ನು ಬೇರೆ ಮಾಡಿ, ನಿಯಮದಂತೆ ಹೊರಗಿಡುತ್ತದೆ. ಪೂಜೆಯ ಮಡಿಯನ್ನು ನೆನಪಿಸುವಷ್ಟು ಶ್ರದ್ಧೆ ಅದರಲ್ಲಿದೆ. ಬರಬರುತ್ತಾ ಅಂಗಡಿಯಲ್ಲಿ ಹೊಳೆಯುತ್ತಾ ಕುಳಿತ ಹೊಸ ವಸ್ತುವನ್ನು ಕಂಡರೂ ‘ಇದು ಎಂಥ ಕಸವಾಗುತ್ತದೆ’ ಎಂದೇ ಅವರಿಗೆ ಹೊಳೆಯುತ್ತದೆ.

ನಿಕ್‌ನ ಸಹೋದ್ಯೋಗಿ ಬ್ರಯನ್ ಒಂದು ದಿನ ನ್ಯೂಯಾರ್ಕಿನ ಸ್ಟೇಟನ್ ದ್ವೀಪದಲ್ಲಿರುವ ಫ್ರೆಶ್ ಕಿಲ್ಸ್ ಎಂಬ ಕಸದ ಬೆಟ್ಟದ ಮುಂದೆ ನಿಲ್ಲುತ್ತಾನೆ. ಅದು ಕಲ್ಪನೆಯ ಜಾಗವಲ್ಲ. 1948ರಲ್ಲಿ ಆರಂಭವಾಗಿ ಜಗತ್ತಿನ ಅತಿ ದೊಡ್ಡ ಕಸ ತುಂಬುವ ಸ್ಥಳಗಳಲ್ಲಿ ಒಂದಾಯಿತು. ಅಲ್ಲಿ ನಿಂತ ಬ್ರಯನ್‌ಗೆ ಈಜಿಪ್ಟಿನ ಪಿರಮಿಡ್ ಕಟ್ಟುವುದನ್ನು ನೋಡುತ್ತಿರುವಂತೆ ಭಾಸವಾಗುತ್ತದೆ. ದೂರದಲ್ಲಿ ಅವನಿಗೆ ಕಾಣುವುದು ವಿಶ್ವ ವಾಣಿಜ್ಯ ಕೇಂದ್ರದ ಅವಳಿ ಗೋಪುರಗಳು. ಮೊದಲ ಮುದ್ರಣದ ಮುಖಪುಟದಲ್ಲಿ ಕೂಡ ಅದೇ ಗೋಪುರಗಳು, ಮುಂದೆ ಒಂದು ಚರ್ಚಿನ ಶಿಲುಬೆ, ಪಕ್ಕದಲ್ಲಿ ರೆಕ್ಕೆ ಬಿಚ್ಚಿದ ಹಕ್ಕಿ. ಆಂದ್ರೆ ಕೆರ್ಟೆಸ್ ತೆಗೆದ ಛಾಯಾಚಿತ್ರ ಅದು. ಫ್ರೆಶ್ ಕಿಲ್ಸ್ ಅನ್ನು 2001ರ ಮಾರ್ಚ್‌ನಲ್ಲಿ ಮುಚ್ಚಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮತ್ತೆ ತೆರೆದರು. ಉರುಳಿದ ಅವಳಿ ಗೋಪುರಗಳ ಅವಶೇಷವನ್ನು ತಂದು ಸುರಿದು, ಅದರಲ್ಲಿ ಸತ್ತವರ ಕುರುಹುಗಳನ್ನು ಹೆಕ್ಕಿದ್ದು ಅಲ್ಲಿಯೇ. ಕಾದಂಬರಿ ಬಂದು ನಾಲ್ಕು ವರ್ಷವಾಗಿತ್ತು. ಡೆಲಿಲೋ ಭವಿಷ್ಯ ನುಡಿದರು ಎಂದು ಕೆಲವರು ಹೇಳುವುದುಂಟು. ನಾನು ಹಾಗೆ ಹೇಳಲಾರೆ. ಎತ್ತರದ ಕಟ್ಟಡವನ್ನೂ ಅದರ ಕಸವನ್ನೂ ಒಂದೇ ನೋಟದಲ್ಲಿ ನೋಡುವ ಅಭ್ಯಾಸ ಅವರಿಗಿತ್ತು, ಅಷ್ಟೇ.

ಮನೆಯ ಕಸ ಮತ್ತು ಅಣುಕಸ ಕಾದಂಬರಿಯಲ್ಲಿ ಒಂದೇ ಸರಪಣಿಯ ಕೊಂಡಿಗಳು. ಮತ್ತೆ ತೊಂಬತ್ತರ ದಶಕಕ್ಕೆ ಮರಳುವ ಉಪಸಂಹಾರದಲ್ಲಿ ನಿಕ್ ಕಝಾಕಸ್ತಾನಕ್ಕೆ ಹೋಗುತ್ತಾನೆ. ಅಲ್ಲಿನ ಸೆಮಿಪಲಾಟಿನ್‌ಸ್ಕ್ ಬಯಲಿನಲ್ಲಿ ಸೋವಿಯತ್ ಒಕ್ಕೂಟ 1949ರಿಂದ 1989ರವರೆಗೆ 456 ಅಣುಪರೀಕ್ಷೆ ನಡೆಸಿತು. ಸುತ್ತಲಿನ ಹಳ್ಳಿಗಳ ಜನ ವಿಕಿರಣಕ್ಕೆ ಸಿಕ್ಕಿದರು. ಕಾದಂಬರಿಯಲ್ಲಿ ಅಲ್ಲೊಂದು ಖಾಸಗಿ ಕಂಪನಿ ಅಣುಕಸವನ್ನು ಅಣುಸ್ಫೋಟದಿಂದಲೇ ಸುಟ್ಟುಹಾಕುವ ವ್ಯಾಪಾರಕ್ಕೆ ಇಳಿದಿದೆ. ಅಂಗವಿಕಲರಾಗಿ ಹುಟ್ಟಿದ ಶಿಶುಗಳನ್ನು ಗಾಜಿನ ಭರಣಿಗಳಲ್ಲಿ ಇಟ್ಟಿರುವ ಕೋಣೆಯನ್ನು ನಿಕ್ ನೋಡುತ್ತಾನೆ. ‘ಶೀತಲ ಸಮರ’ ಎಂದರೆ ಎರಡು ದೈತ್ಯ ರಾಷ್ಟ್ರಗಳು ನೇರವಾಗಿ ಗುಂಡು ಹಾರಿಸದೆ ನಡೆಸಿದ ಹಗೆತನ ಎಂದು ಪಠ್ಯಪುಸ್ತಕ ಹೇಳುತ್ತದೆ. ಆ ಕೋಣೆಯ ಪುಟಗಳನ್ನು ಓದಿದ ಮೇಲೆ ‘ಶೀತಲ’ ಎಂಬ ಪದ ನಾಲಿಗೆಗೆ ಸಲೀಸಾಗಿ ಬರುವುದಿಲ್ಲ.

ದಿಟದ ಜನ, ಕಟ್ಟಿದ ಮಾತು

ಇತಿಹಾಸದಲ್ಲಿ ಇದ್ದವರನ್ನು ಕಲ್ಪಿತ ಪಾತ್ರಗಳ ಜೊತೆ ಕೂರಿಸುವುದು ಈ ಬಗೆಯ ಕಾದಂಬರಿಗಳ ಇನ್ನೊಂದು ಲಕ್ಷಣ. ಪಂದ್ಯದ ದಿನ ಗಾಯಕ ಫ್ರಾಂಕ್ ಸಿನಾಟ್ರಾ, ಹಾಸ್ಯನಟ ಜಾಕಿ ಗ್ಲೀಸನ್, ಮತ್ತು ಎಫ್‌.ಬಿ.ಐ. ಮುಖ್ಯಸ್ಥ ಜೆ. ಎಡ್ಗರ್ ಹೂವರ್ ಒಟ್ಟಿಗೆ ಕುಳಿತಿದ್ದಾರೆ. ಸೋವಿಯತ್ ಬಾಂಬಿನ ಸುದ್ದಿಯನ್ನು ಸಹಾಯಕನೊಬ್ಬ ಹೂವರ್ ಕಿವಿಯಲ್ಲಿ ಉಸುರುತ್ತಾನೆ. ಗೆಲುವಿನ ಸಂಭ್ರಮದಲ್ಲಿ ಜನ ಹರಿದು ಎಸೆದ ಕಾಗದಗಳ ನಡುವೆ ‘ಲೈಫ್’ ಪತ್ರಿಕೆಯ ಹಾಳೆಯೊಂದು ತೇಲಿಬಂದು ಹೂವರ್ ಭುಜಕ್ಕೆ ಅಂಟುತ್ತದೆ. ಅದರಲ್ಲಿರುವುದು ಹದಿನಾರನೇ ಶತಮಾನದ ಚಿತ್ರಕಾರ ಬ್ರೂಗೆಲ್ ಬರೆದ ಚಿತ್ರ: ಎಲುಬುಗೂಡುಗಳ ಸೈನ್ಯ ಬದುಕಿರುವವರ ಮೇಲೆ ಏರಿಬರುತ್ತಿದೆ. ಸುತ್ತ ಸಾವಿರಾರು ಜನ ಕುಣಿಯುತ್ತಿರುವಾಗ ಹೂವರ್ ಒಬ್ಬರೇ ಆ ಎಲುಬುಗಳನ್ನು ದಿಟ್ಟಿಸುತ್ತಾ ನಿಂತಿದ್ದಾರೆ.

1962ರಲ್ಲಿ ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳು ಪತ್ತೆಯಾಗಿ ಜಗತ್ತು ಅಣುಯುದ್ಧದ ಅಂಚಿಗೆ ಬಂದ ವಾರವೂ ಇಲ್ಲಿದೆ. ಆ ರಾತ್ರಿಗಳಲ್ಲಿ ಹಾಸ್ಯಗಾರ ಲೆನ್ನಿ ಬ್ರೂಸ್ ಊರಿಂದೂರಿಗೆ ಹೋಗಿ, ನಾವೆಲ್ಲ ಸಾಯುತ್ತೇವೆ ಎಂದು ವೇದಿಕೆಯಿಂದ ಮತ್ತೆ ಮತ್ತೆ ಕೂಗುತ್ತಾನೆ. ವ್ಯಕ್ತಿ ನಿಜ, ಬಿಕ್ಕಟ್ಟು ನಿಜ, ಮಾತುಗಳು ಕಾದಂಬರಿಕಾರರವು. ಅಧಿಕೃತ ದಾಖಲೆಯಲ್ಲಿ ಅಧ್ಯಕ್ಷರ ನಿರ್ಧಾರಗಳಿವೆ. ಆ ವಾರ ಜನಸಾಮಾನ್ಯರ ಹೊಟ್ಟೆಯಲ್ಲಿ ಎದ್ದ ನಡುಕಕ್ಕೆ ದಾಖಲೆ ಇಲ್ಲ. ಅದನ್ನು ಕಟ್ಟಿಕೊಡಲೆಂದೇ ಈ ಬೆರಕೆ.

ಶೂವಿನ ಭಾಗಗಳು

ಇಷ್ಟು ದೊಡ್ಡ ಪುಸ್ತಕದಲ್ಲಿ ನನ್ನ ಮನಸ್ಸಿನಲ್ಲಿ ಬೇರೂರಿದ್ದು ಒಂದು ಚಿಕ್ಕ ದೃಶ್ಯ. ಜೈಲುವಾಸ ಮುಗಿಸಿದ ನಿಕ್‌ನನ್ನು ಜೆಸ್ವಿಟ್ ಪಾದ್ರಿಗಳ ಶಾಲೆಗೆ ಸೇರಿಸಿದ್ದಾರೆ. ಫಾದರ್ ಪೌಲಸ್ ಅವನ ಶೂ ತೋರಿಸಿ, ಇದರ ಭಾಗಗಳ ಹೆಸರು ಹೇಳು ಎನ್ನುತ್ತಾರೆ. ಲೇಸು, ಅಟ್ಟೆ, ಹಿಮ್ಮಡಿ, ನಾಲಿಗೆ. ಅಷ್ಟಕ್ಕೆ ನಿಕ್ ನಿಲ್ಲುತ್ತಾನೆ. ಪಾದ್ರಿ ಬಗ್ಗಿ ಒಂದೊಂದನ್ನೇ ಮುಟ್ಟಿ ಹೆಸರಿಸುತ್ತಾರೆ. ಹಿಮ್ಮಡಿಯ ಮೇಲಿನ ಗಟ್ಟಿ ಪಟ್ಟಿಗೊಂದು ಹೆಸರು. ಅಟ್ಟೆಗೂ ಮೇಲ್ಭಾಗಕ್ಕೂ ನಡುವಿನ ಹೊಲಿಗೆಪಟ್ಟಿಗೊಂದು ಹೆಸರು. ಲೇಸು ತೂರುವ ರಂಧ್ರದ ಸುತ್ತಲಿನ ಲೋಹದ ಬಳೆಗೆ ಒಂದು, ಲೇಸಿನ ತುದಿಯ ಪುಟ್ಟ ಕೊಳವೆಗೆ ‘ಆಗ್ಲೆಟ್’ ಎಂದು ಇನ್ನೊಂದು. ಹೆಸರು ಗೊತ್ತಿಲ್ಲದ್ದರಿಂದ ನಿನಗೆ ನೋಡಲು ಬರುವುದಿಲ್ಲ ಎಂಬುದು ಅವರ ಮಾತಿನ ತಿರುಳು.

ನಮ್ಮಲ್ಲಿ ಚಪ್ಪಲಿ ಹೊಲಿಯುವವರ ಮುಂದೆ ಕುಳಿತಾಗ ‘ಉಂಗುಷ್ಟ ಕಿತ್ತಿದೆ’ ಎನ್ನುತ್ತೇವೆ. ಆ ಪದ ಇಲ್ಲದವರು ಬೆರಳು ತೋರಿಸಿ ‘ಇದು, ಇದು’ ಎನ್ನಬೇಕಾಗುತ್ತದೆ. ಡೆಲಿಲೋ ಪುಸ್ತಕದಲ್ಲಿ ಸೋಪಿನ ಪುಡಿ, ಕಾರು, ಸಿಗರೇಟುಗಳ ಹೆಸರು ಪುಟಪುಟದಲ್ಲೂ ಬರುವುದನ್ನು ಕಂಡು ಬೇಸರವಾದವರು ಈ ದೃಶ್ಯವನ್ನು ನೆನಪಿಟ್ಟುಕೊಳ್ಳಬೇಕು. ಹೆಸರು ಹೋದರೆ ವಸ್ತು ಹೋಗುತ್ತದೆ, ವಸ್ತು ಹೋದರೆ ಅದನ್ನು ಬಳಸಿದವರ ದಿನಗಳು ಹೋಗುತ್ತವೆ. ಪಂದ್ಯ ನಡೆದ ಪೋಲೊ ಗ್ರೌಂಡ್ಸ್ ಮೈದಾನವನ್ನು 1964ರಲ್ಲಿ ಕೆಡವಿದರು. ಎರಡೂ ತಂಡಗಳು ಅದಕ್ಕೂ ಮೊದಲೇ ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದವು.

ನೆನಪನ್ನು ನಂಬಬಹುದೇ?

ಕಾದಂಬರಿ ಪ್ರಕಟವಾದ ಮೇಲೆ, 2001ರಲ್ಲಿ, ಪತ್ರಿಕಾ ವರದಿಯೊಂದು ಹಳೆಯ ಗುಟ್ಟೊಂದನ್ನು ಖಚಿತಪಡಿಸಿತು. 1951ರ ಆ ತಿಂಗಳುಗಳಲ್ಲಿ ಜೈಂಟ್ಸ್ ತಂಡ ತನ್ನ ಮೈದಾನದ ಕೋಣೆಯಲ್ಲಿ ದೂರದರ್ಶಕ ಇಟ್ಟು, ಯಾವ ಬಗೆಯ ಚೆಂಡು ಎಸೆಯಬೇಕೆಂದು ಎದುರಾಳಿಗಳು ಮಾಡುವ ಕೈಸನ್ನೆಗಳನ್ನು ಕದಿಯುತ್ತಿತ್ತು. ಆ ಚೆಂಡಿನ ಬಗ್ಗೆ ತಮಗೆ ಮುನ್ಸೂಚನೆ ಇರಲಿಲ್ಲ ಎಂದು ಥಾಮ್ಸನ್ ಹೇಳಿದರು. ಆದರೂ ಅರ್ಧ ಶತಮಾನ ಜನ ಎದೆಗೊತ್ತಿಕೊಂಡಿದ್ದ ನೆನಪಿಗೆ ಒಂದು ಬಿರುಕು ಬಿತ್ತು. ಅಂದು ಪ್ರೇಕ್ಷಕರ ನಡುವೆ ಬಿದ್ದ ನಿಜವಾದ ಚೆಂಡು ಮಾತ್ರ ಇಂದಿಗೂ ಸಿಕ್ಕಿಲ್ಲ.

ಕಾದಂಬರಿಯಲ್ಲಿ ಅದು ಕಾಟರ್ ಮಾರ್ಟಿನ್ ಎಂಬ ಹಾರ್ಲೆಮ್ಮಿನ ಕಪ್ಪು ಹುಡುಗನಿಗೆ ಸಿಗುತ್ತದೆ. ಶಾಲೆ ತಪ್ಪಿಸಿ, ಟಿಕೆಟ್ ಇಲ್ಲದೆ ಗೇಟು ಹಾರಿ ಬಂದವನು. ಕೈಯಿಂದ ಕೈಗೆ ಸಾಗಿದ ಆ ಚೆಂಡಿಗೆ ಕೊನೆಗೆ ನಿಕ್ ಸಾವಿರಾರು ಡಾಲರ್ ತೆರುತ್ತಾನೆ. ಅವನು ಗೆದ್ದ ತಂಡದ ಅಭಿಮಾನಿಯಲ್ಲ. ಸೋತ ಡಾಡ್ಜರ್ಸ್ ಕಡೆಯವನು. ಅವನಿಗೆ ಮಾರಿದ ಸಂಗ್ರಾಹಕ ಮಾರ್ವಿನ್ ಲಂಡಿ ಚೆಂಡಿನ ವಂಶಾವಳಿಯನ್ನು ವರ್ಷಗಟ್ಟಲೆ ಹುಡುಕಿದ್ದಾನೆ. ಆದರೆ ಮೊದಲ ಕೊಂಡಿ, ಅಂದರೆ ಮೈದಾನದಿಂದ ಮೊದಲ ಖರೀದಿದಾರನವರೆಗಿನ ಆ ಒಂದು ರಾತ್ರಿ, ಅವನಿಗೆ ಸಿಗುವುದೇ ಇಲ್ಲ. ತನ್ನಲ್ಲಿರುವುದು ಅದೇ ಚೆಂಡೇ ಎಂಬುದು ನಿಕ್‌ಗೆ ಎಂದಿಗೂ ಖಚಿತವಾಗದು.

ಎಲ್ಲಿಂದ ಓದಬೇಕು?

ಪೀಠಿಕೆಯನ್ನು ಮಾತ್ರ ಮೊದಲು ಓದಿ. ಅದು 1992ರಲ್ಲಿ ‘ಹಾರ್ಪರ್ಸ್’ ಪತ್ರಿಕೆಯಲ್ಲಿ ಬಿಡಿಯಾಗಿಯೇ ಪ್ರಕಟವಾಗಿತ್ತು. ನೀಳ್ಗತೆಯಂತೆ ತಾನೇ ನಿಲ್ಲಬಲ್ಲದು. ಮುಂದಿನ ಭಾಗಗಳಲ್ಲಿ ಪಾತ್ರಗಳ ಹೆಸರು ಮರೆತರೆ ಗಾಬರಿ ಬೇಡ, ನಿಕ್, ಅವನ ತಮ್ಮ ಮ್ಯಾಟ್, ಮರುಭೂಮಿಯಲ್ಲಿ ಹಳೆಯ ಬಾಂಬರ್ ವಿಮಾನಗಳಿಗೆ ಬಣ್ಣ ಬಳಿಯುವ ಕಲಾವಿದೆ ಕ್ಲಾರಾ, ಈ ಮೂವರನ್ನು ಹಿಡಿದರೆ ದಾರಿ ತಪ್ಪುವುದಿಲ್ಲ. ಐದನೇ ಭಾಗದ ತುಣುಕುಗಳನ್ನು ಬೇಕಾದರೆ ಬಿಡಿಬಿಡಿಯಾಗಿ ಓದಬಹುದು.

ಕಾಟರ್‌ನ ತಂದೆ ಮ್ಯಾಂಕ್ಸ್ ಬರುವ ಆ ಮೂರು ಅಧ್ಯಾಯಗಳನ್ನು ಮಾತ್ರ ಅವಸರದಲ್ಲಿ ದಾಟಬೇಡಿ. ಹುಡುಗ ನಿದ್ದೆ ಮಾಡುತ್ತಿದ್ದಾನೆ. ಕೆಲಸವಿಲ್ಲದ ತಂದೆ ಕತ್ತಲಲ್ಲಿ ಮಗನ ಕೋಣೆಗೆ ಬಂದು ಚೆಂಡನ್ನು ಎತ್ತಿಕೊಂಡು ಹೊರಡುತ್ತಾನೆ. ಯಾಂಕಿ ಸ್ಟೇಡಿಯಂ ಹೊರಗೆ ಮರುದಿನದ ಪಂದ್ಯದ ಟಿಕೆಟಿಗಾಗಿ ಜನ ರಾತ್ರಿಯಿಡೀ ಸಾಲಿನಲ್ಲಿ ಕಾಯುತ್ತಿದ್ದಾರೆ, ಬೆಂಕಿ ಕಾಯಿಸಿಕೊಳ್ಳುತ್ತಿದ್ದಾರೆ. ಮಗನನ್ನು ಜೊತೆಗೆ ಕರೆತಂದ ಒಬ್ಬ ಬಿಳಿಯ ತಂದೆಯನ್ನು ಮ್ಯಾಂಕ್ಸ್ ಆರಿಸಿಕೊಳ್ಳುತ್ತಾನೆ. ಆ ಮಗನೂ ನಿದ್ದೆ ಹೋಗಿದ್ದಾನೆ. ಇದು ಅದೇ ಚೆಂಡು ಎನ್ನುವುದಕ್ಕೆ ಮ್ಯಾಂಕ್ಸ್ ಬಳಿ ಯಾವ ಪುರಾವೆಯೂ ಇಲ್ಲ. ಆ ಮನುಷ್ಯ ಜೇಬಿನಲ್ಲಿದ್ದ ನೋಟುಗಳನ್ನೂ ಚಿಲ್ಲರೆಯನ್ನೂ ತೆಗೆದು ಎಣಿಸುತ್ತಾನೆ. ಮೂವತ್ತೆರಡು ಡಾಲರ್, ನಲವತ್ತೈದು ಸೆಂಟ್.